ಚೆಂಡು ಬಿಟ್ಟು ಪಾದ ನೋಡಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹೋದಲ್ಲಿಗೆ ಕ್ಯಾಮೆರಾ ಹೋಗುತ್ತದೆ, ಕ್ಯಾಮೆರಾ ಹೋದಲ್ಲಿಗೆ ನಮ್ಮ ಕಣ್ಣು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಸಾಲಾಗಿ ಬಾಗಿ ನಿಲ್ಲುವ ಐದು ಮಂದಿ ದೈತ್ಯರು ಹೊಸ ನೋಡುಗರ ಗಮನಕ್ಕೇ ಬರುವುದಿಲ್ಲ. ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಇದೇ ಆಫೆನ್ಸಿವ್ ಲೈನ್. ಚೆಂಡು ಎಸೆಯುವ ತನಕ ಎದುರಾಳಿಗಳನ್ನು ತಡೆಯುವುದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಿಕೊಡುವುದು ಇವರ ಕೆಲಸ. ಓಡಿದವನಿಗೆ ಗಜಗಳ ಲೆಕ್ಕ ಸಿಗುತ್ತದೆ, ಗೆರೆ ದಾಟಿದವನಿಗೆ ಅಂಕ ಸಿಗುತ್ತದೆ. ಇವರ ಹೆಸರು ಕೇಳಿಬರುವುದು ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳಿದಾಗ, ಇಲ್ಲವೇ ರೆಫರಿ ದಂಡ ಕೂಗಿದಾಗ.

ಆದರೂ ಏಪ್ರಿಲ್ ಕೊನೆಗೆ ನಡೆಯುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, 32 ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಮೊದಲ ಸುತ್ತಿನಲ್ಲೇ ಇಂಥವರ ಹೆಸರು ಬರುತ್ತದೆ. 2013ರಲ್ಲಂತೂ ಮೊದಲ ನಾಲ್ಕು ಆಯ್ಕೆಗಳಲ್ಲಿ ಮೂರು ಟ್ಯಾಕಲ್‌ಗಳೇ: ಎರಿಕ್ ಫಿಶರ್, ಲೂಕ್ ಜೋಕಲ್, ಲೇನ್ ಜಾನ್ಸನ್. ಮೂವರಲ್ಲಿ ಹೆಚ್ಚು ಕಾಲ, ಹೆಚ್ಚು ಚೆನ್ನಾಗಿ ಆಡಿದವನು ಕೊನೆಗೆ ಆಯ್ಕೆಯಾದ ಜಾನ್ಸನ್. ಅವನು ಜೂನಿಯರ್ ಕಾಲೇಜಿಗೆ ಸೇರಿದ್ದು ಕ್ವಾರ್ಟರ್‌ಬ್ಯಾಕ್ ಆಗಿ! ವರ್ಷವಿಡೀ ಇದೇ ಕೆಲಸ ಮಾಡುವ ಪಂಡಿತರೂ ಈ ಜಾಗದಲ್ಲಿ ಎಡವುತ್ತಾರೆ ಅನ್ನುವುದು ಹೊಸಬರಿಗೆ ಧೈರ್ಯ ಕೊಡಬೇಕು. ಡಾಲಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಮಕ್ಕಳು ಶನಿವಾರ ಕಾಲೇಜು ಆಟ ಹಾಕಿಕೊಂಡಾಗ ಪಕ್ಕದಲ್ಲಿ ಸುಮ್ಮನೆ ಕೂರುವ ಕನ್ನಡದ ಅಪ್ಪ-ಅಮ್ಮಂದಿರೂ ಒಂದು ಋತು ಮನಸ್ಸಿಟ್ಟರೆ ಒಳ್ಳೆಯ ಟ್ಯಾಕಲ್‌ನನ್ನು ಗುರುತಿಸಬಹುದು.

ನನ್ನ ಸೂತ್ರ ಒಂದೇ. ಹುಡುಗ ಗೆದ್ದಾಗ ನೋಡಬೇಡಿ, ಸೋಲತೊಡಗಿದಾಗ ನೋಡಿ. ಎದುರಾಳಿಯನ್ನು ಅಂಗಾತ ಕೆಡವುವ ತುಣುಕುಗಳನ್ನು ಪೋಣಿಸಿದ ವಿಡಿಯೊಗಳು ಎಲ್ಲರ ಹೆಸರಿನಲ್ಲೂ ಸಿಗುತ್ತವೆ. ಅದಕ್ಕೆ ಪ್ಯಾನ್‌ಕೇಕ್ ಎಂದು ಹೆಸರು. ನೋಡಲು ಮಜಾ ಇರುತ್ತದೆ, ಆದರೆ ಕೆಳಗೆ ಬಿದ್ದವನು ಎಷ್ಟರವನು ಅನ್ನುವುದನ್ನು ಆ ವಿಡಿಯೊ ಹೇಳುವುದಿಲ್ಲ. ಪೂರ್ತಿ ಪಂದ್ಯ ಹುಡುಕಿ. ಒಬ್ಬ ಹುಡುಗನನ್ನು ಹಿಡಿದುಕೊಳ್ಳಿ, ಚೆಂಡು ಎಲ್ಲಿಗಾದರೂ ಹೋಗಲಿ. ಸಿಕ್ಕರೆ ತರಬೇತುದಾರರು ನೋಡುವ ಎತ್ತರದ ಕೋನದ ಚಿತ್ರೀಕರಣವನ್ನೇ ನೋಡಿ. ಅದರಲ್ಲೂ ಮೈದಾನದ ತುದಿಯ ಕ್ಯಾಮೆರಾ, ಸಾಲಿನ ಹಿಂಬದಿಯಿಂದ ತೆಗೆದದ್ದು, ಲೈನ್‌ಮನ್‌ಗಳ ಮಟ್ಟಿಗೆ ಉಳಿದೆಲ್ಲ ಕೋನಗಳಿಗಿಂತ ಮೇಲು.

ಮೊದಲು ಪಾದ. ಎಡ ಟ್ಯಾಕಲ್‌ನನ್ನೇ ತೆಗೆದುಕೊಳ್ಳಿ. ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕೆ ತೆರೆದಿರುತ್ತದೆ. ಆ ಬೆನ್ನಿನ ಕಾವಲು ಈತನದು. ಚೆಂಡು ಅಲುಗಿದ ಕ್ಷಣ ಎಡಗಾಲು ಹಿಂದಕ್ಕೆ ಚಾಚಿ, ಬಲಗಾಲು ಅದರ ಹಿಂದೆಯೇ ಜಾರಿ, ಮತ್ತೆ ಎಡಗಾಲು. ಇದಕ್ಕೆ ಕಿಕ್ ಸ್ಲೈಡ್ ಅನ್ನುತ್ತಾರೆ. ಎದುರಿಗೆ ನೂರಿಪ್ಪತ್ತು ಕೆ.ಜಿ. ತೂಗುವ ಪಾಸ್ ರಶರ್, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಲು ನುಗ್ಗುವವನು, ಮುಮ್ಮುಖವಾಗಿ ಓಡಿ ಬರುತ್ತಿರುವಾಗ ಈತ ಹಿಮ್ಮುಖವಾಗಿ ಸರಿದು ಅವನಿಗಿಂತ ಮೊದಲು ತಿರುವಿನ ಜಾಗ ತಲುಪಬೇಕು. ಹಿಮ್ಮಡಿಗಳು ಒಂದಕ್ಕೊಂದು ತಾಗುತ್ತವೆಯೇ? ಕಾಲುಗಳು ಕತ್ತರಿ ಬೀಳುತ್ತವೆಯೇ? ಎರಡು ಹೆಜ್ಜೆ ಆದಮೇಲೆ ಗಾಬರಿಯಾಗಿ, ಪಕ್ಕಕ್ಕೆ ತಿರುಗಿ ಓಡಲು ಶುರುಮಾಡುತ್ತಾನೆಯೇ? ಹಾಗೆ ತಿರುಗಿದವನ ಒಳಬದಿ ಬಾಗಿಲು ತೆರೆದಂತೆಯೇ. ಜಾಣ ರಶರ್ ಹೊರಗೆ ಹೋಗುವಂತೆ ನಟಿಸಿ ಒಳಗೆ ನುಗ್ಗುತ್ತಾನೆ. ಸಮಯವೂ ಹೆಚ್ಚಿಲ್ಲ, ಎರಡೂವರೆ ಮೂರು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ.

ಆಮೇಲೆ ಮೊಣಕಾಲು ಮತ್ತು ಸೊಂಟ. ಗರಡಿಮನೆಯ ಮಣ್ಣಲ್ಲಿ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿ ಮಡಿಸಿ ಕೆಳಗೆ ಕೂತ ಪೈಲ್ವಾನನನ್ನು ಎತ್ತುವುದು ಕಷ್ಟ, ಸೊಂಟದಿಂದ ಮುಂದಕ್ಕೆ ಬಾಗಿದವನನ್ನು ಕೈ ಹಿಡಿದು ಎಳೆದರೆ ಸಾಕು, ಮುಗ್ಗರಿಸುತ್ತಾನೆ. ಕಾಲೇಜಿನಲ್ಲಿ ದೊಡ್ಡ ಮೈಯ ಹುಡುಗರು ಸೊಂಟ ಬಾಗಿಸಿಯೇ ದಿನ ತಳ್ಳಿಬಿಡುತ್ತಾರೆ, ಯಾಕೆಂದರೆ ಎದುರಿಗಿರುವವನು ಅವರಿಗಿಂತ ಇಪ್ಪತ್ತು ಕೆ.ಜಿ. ಕಡಿಮೆ. ಎದುರಾಳಿ ನೇರ ಎದೆಗೇ ಗುದ್ದಿ ಹಿಂದಕ್ಕೆ ತಳ್ಳುವ ಬುಲ್ ರಶ್ ಬಂದಾಗ ನೋಡಿ: ಒಂದು ಹೆಜ್ಜೆ, ಎರಡು ಹೆಜ್ಜೆ ಹಿಂದೆ ಸರಿದರೂ ಮೂರನೆಯದಕ್ಕೆ ಸೊಂಟ ಇಳಿಸಿ ನೆಲ ಕಚ್ಚಿ ನಿಲ್ಲುತ್ತಾನೆಯೇ, ಇಲ್ಲ ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೇ ಹೋಗಿ ಬೀಳುತ್ತಾನೆಯೇ? ಕುಸ್ತಿ ಆಡಿ ಬಂದ ಹುಡುಗರ ಮೇಲೆ ತಂಡಗಳ ಪರೀಕ್ಷಕರಿಗೆ ಒಲವು ಇರುವುದು ಇದಕ್ಕೇ. ಸ್ಟೀಫನ್ ನೀಲ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ ಅಲ್ಲ. 1999ರ ಕಾಲೇಜು ಕುಸ್ತಿ ಫೈನಲ್‌ನಲ್ಲಿ ಬ್ರಾಕ್ ಲೆಸ್ನರ್‌ನನ್ನು ಸೋಲಿಸಿದವನು, ಮುಂದೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ವರ್ಷಗಟ್ಟಲೆ ಗಾರ್ಡ್ ಆಗಿ ನಿಂತ.

ಕೈಗಳ ವಿಚಾರ ಸ್ವಲ್ಪ ಸೂಕ್ಷ್ಮ. ಅಂಗೈ ಎದುರಾಳಿಯ ಎದೆಯ ಚೌಕಟ್ಟಿನೊಳಗೆ ಬಿದ್ದರೆ ಹಿಡಿತ ಲೈನ್‌ಮನ್‌ನದು, ರೆಫರಿಯೂ ಸಾಮಾನ್ಯವಾಗಿ ಸುಮ್ಮನಿರುತ್ತಾನೆ. ಭುಜದ ಹೊರಗೆ ಬಿದ್ದು ಅಂಗಿ ಹಿಗ್ಗಿತೋ, ಹೋಲ್ಡಿಂಗ್, ಹತ್ತು ಗಜ ದಂಡ. ಎರಡೂ ಕೈ ಒಟ್ಟಿಗೆ ಮುಂಚಾಚಿ ಗುರಿ ತಪ್ಪಿದವನು ಮುಂದಕ್ಕೆ ವಾಲುತ್ತಾನೆ. ಅನುಭವಿ ಒಂದು ಕೈಯನ್ನು ಕಾಯ್ದಿಟ್ಟುಕೊಳ್ಳುತ್ತಾನೆ.

ಈಗ ಸೋಲಿನ ಮಾತಿಗೆ ಬರೋಣ. 2019ರ ಅಕ್ಟೋಬರ್‌ನಲ್ಲಿ ಓಹಾಯೊ ಸ್ಟೇಟ್ ತಂಡ ನಾರ್ತ್‌ವೆಸ್ಟರ್ನ್ ತಂಡವನ್ನು ಅದರ ನೆಲದಲ್ಲೇ 52–3ರಿಂದ ಬಡಿದುಹಾಕಿತು. ಅಂಕಪಟ್ಟಿ ನೋಡಿದರೆ ಆ ಪಂದ್ಯದಲ್ಲಿ ನಾರ್ತ್‌ವೆಸ್ಟರ್ನ್ ಕಡೆ ನೋಡುವಂಥದ್ದು ಏನೂ ಇಲ್ಲ. ಆದರೆ ಆ ಪಂದ್ಯದ ಚಿತ್ರೀಕರಣ ಮುಂದೆ ಡ್ರಾಫ್ಟ್ ಲೋಕದಲ್ಲಿ ಪಾಠದ ವಸ್ತುವಾಯಿತು. ಓಹಾಯೊ ಕಡೆ ಚೇಸ್ ಯಂಗ್, ಆ ವರ್ಷ ದೇಶದ ಅತಿ ಭಯಂಕರ ಪಾಸ್ ರಶರ್, ಮರುವರ್ಷ ಡ್ರಾಫ್ಟ್‌ನ ಎರಡನೆಯ ಆಯ್ಕೆ. ನಾರ್ತ್‌ವೆಸ್ಟರ್ನ್ ಎಡ ತುದಿಯಲ್ಲಿ ರಶಾನ್ ಸ್ಲೇಟರ್. ಹಿಂದಿನ ಎರಡು ವರ್ಷ ಬಲಗಡೆ ಆಡಿ, ಆ ವರ್ಷವಷ್ಟೇ ಎಡಕ್ಕೆ ಬಂದಿದ್ದವನು.

ಇಬ್ಬರೂ ಎದುರುಬದುರಾದ ಪ್ಲೇಗಳನ್ನು ಸಾವಕಾಶ ನೋಡಿ. ಸ್ಲೇಟರ್ ಸುಂದರವಾಗಿ ಆಡುತ್ತಾನೆ ಅಂತ ನಾನು ಹೇಳುವುದಿಲ್ಲ. ನನಗೆ ಹಿಡಿಸಿದ್ದು, ಯಂಗ್ ಕೈಗಳನ್ನು ಬಡಿದು ಹಾಕಿದಾಗಲೂ ಅವನ ಕಾಲು ನಿಲ್ಲುವುದಿಲ್ಲ. ಕೈ ಸೋತಿದೆ, ಪಾದ ಇನ್ನೂ ಸೋತಿಲ್ಲ. ಸೊಂಟ ತಿರುಗಿಸಿ ಮತ್ತೆ ಎದುರಿಗೆ ಬಂದು ನಿಲ್ಲುತ್ತಾನೆ, ಕೈ ಮತ್ತೆ ಎದೆಗೆ ಹೋಗುತ್ತದೆ. ರಸ ಇರುವುದು ಈ ಎರಡನೆಯ ಯತ್ನದಲ್ಲಿ. ಮೊದಲ ಹೊಡೆತ ಬಲದ ಮಾತು, ಬಲವನ್ನು ವ್ಯಾಯಾಮಶಾಲೆಯಲ್ಲಿ ಕೂಡಿಸಬಹುದು. ಸೋತು ಅರ್ಧ ಸೆಕೆಂಡಿನಲ್ಲಿ ಮೈಯನ್ನು ಮತ್ತೆ ಹದಕ್ಕೆ ತಂದುಕೊಳ್ಳುವುದನ್ನು ಯಾವ ತರಬೇತುದಾರನೂ ಹೊಸದಾಗಿ ಹಚ್ಚಿಕೊಡುವುದನ್ನು ನಾನು ಕಂಡಿಲ್ಲ. ಕೋವಿಡ್ ಕಾರಣಕ್ಕೆ ಸ್ಲೇಟರ್ 2020ರ ಋತುವನ್ನೇ ಆಡಲಿಲ್ಲ. ಆದರೂ 2021ರಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್ ಅವನನ್ನು 13ನೆಯವನಾಗಿ ಆರಿಸಿಕೊಂಡಿತು. ಮೊದಲ ವರ್ಷವೇ, ಋತುವಿನ ಶ್ರೇಷ್ಠ ಆಟಗಾರರಿಗೆ ಸಿಗುವ ಪ್ರೊ ಬೌಲ್ ಗೌರವ ಬಂತು.

ಹನ್ನೆರಡು ಮಂದಿಯನ್ನು ಅವನಿಗಿಂತ ಮೊದಲು ಆರಿಸಿದ್ದೇಕೆ? ಒಂದು ಕಾರಣ ತೋಳು. ಅವನದು 33 ಇಂಚು. ಟ್ಯಾಕಲ್ ಅಂದರೆ 34 ಇಂಚಾದರೂ ಇರಬೇಕು ಅನ್ನುವುದು ಹಳೆಯ ನಂಬಿಕೆ. ನಂಬಿಕೆಗೆ ಆಧಾರವಿದೆ: ಯಾರ ಕೈ ಮೊದಲು ಮುಟ್ಟುತ್ತದೋ ದೂರವನ್ನು ಅವನು ನಿರ್ಧರಿಸುತ್ತಾನೆ. ಆದರೆ ಇದು ಈಗ ಪ್ರತಿ ಮಾರ್ಚ್‌ನ ಹರಟೆಯಾಗಿಬಿಟ್ಟಿದೆ. 2025ರಲ್ಲಿ ಲೂಯಿಸಿಯಾನ ಸ್ಟೇಟ್‌ನ ವಿಲ್ ಕ್ಯಾಂಪ್‌ಬೆಲ್‌ನ ತೋಳು ಇಂಡಿಯಾನಾಪೊಲಿಸ್‌ನಲ್ಲಿ 32⅝ ಇಂಚು ಬಂತು, ಅವನ ಕಾಲೇಜಿನಲ್ಲೇ ಅಳೆದಾಗ 33. ಇಂಚಿನ ಮೂರೆಂಟಾಂಶಕ್ಕೆ ವಾರಗಟ್ಟಲೆ ವಾದ ನಡೆಯಿತು. ನ್ಯೂ ಇಂಗ್ಲೆಂಡ್ ಅವನನ್ನು ನಾಲ್ಕನೆಯ ಆಯ್ಕೆಯಾಗಿ ತೆಗೆದುಕೊಂಡು ಎಡ ಟ್ಯಾಕಲ್ ಜಾಗಕ್ಕೇ ನಿಲ್ಲಿಸಿತು. ನನ್ನನ್ನು ಕೇಳಿದರೆ ತೋಳು ಗಿಡ್ಡ ಇದ್ದವನ ಪಾದವನ್ನು ಇನ್ನೆರಡು ಪಂದ್ಯ ಹೆಚ್ಚು ನೋಡಿ, ಅಷ್ಟೇ. ಪಾದವೂ ಸೋತರೆ ಅವನನ್ನು ಒಳಗೆ, ಗಾರ್ಡ್ ಜಾಗಕ್ಕೆ ಕರೆದುಕೊಳ್ಳಿ. ಅಲ್ಲಿ ಎರಡೂ ಪಕ್ಕ ಆಸರೆ ಇದೆ, ಕಾಯಬೇಕಾದ ಜಾಗ ಕಿರಿದು.

ಇಂಡಿಯಾನಾಪೊಲಿಸ್ ಅಂದೆ. ಅಲ್ಲಿ ಪ್ರತಿ ವರ್ಷ ಕಂಬೈನ್ ಎಂಬ ಅಳತೆ-ಓಟಗಳ ಜಾತ್ರೆ ನಡೆಯುತ್ತದೆ. 40 ಗಜದ ಓಟ, 225 ಪೌಂಡಿನ ಭಾರವನ್ನು ಎಷ್ಟು ಸಲ ಎತ್ತುತ್ತಾನೆ, ನಿಂತಲ್ಲಿಂದ ಎಷ್ಟು ನೆಗೆಯುತ್ತಾನೆ ಎಂಬಿತ್ಯಾದಿ. ಲೈನ್‌ಮನ್ ಪಂದ್ಯದಲ್ಲಿ 40 ಗಜ ಓಡುವುದು ಅಪರೂಪ, ಅದರ ಮೊದಲ ಹತ್ತು ಗಜದ ಸಮಯ ಮಾತ್ರ ಗಮನಿಸಿ. ಉಳಿದದ್ದಕ್ಕೆ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು. 1989ರಲ್ಲಿ ಮಿಷಿಗನ್ ಸ್ಟೇಟ್‌ನ ಟೋನಿ ಮ್ಯಾಂಡರಿಚ್‌ನ ಮೈಕಟ್ಟು, ವೇಗ ನೋಡಿ ಮರುಳಾದ ಗ್ರೀನ್ ಬೇ ತಂಡ ಎರಡನೆಯ ಆಯ್ಕೆ ಅವನ ಮೇಲೆ ಸುರಿಯಿತು. ಅವನ ಹಿಂದೆ ಮೂರನೆಯವನಾಗಿ ಹೋದದ್ದು ಮುಂದೆ ದಂತಕಥೆಯಾದ ಓಟಗಾರ ಬ್ಯಾರಿ ಸ್ಯಾಂಡರ್ಸ್! ಮ್ಯಾಂಡರಿಚ್ ಗ್ರೀನ್ ಬೇಯಲ್ಲಿ ನೆಲೆ ನಿಲ್ಲಲಿಲ್ಲ. ಕಾಲೇಜಿನಲ್ಲಿ ಸ್ಟೆರಾಯ್ಡ್ ಬಳಸಿದ್ದನ್ನು ವರ್ಷಗಳ ಮೇಲೆ ಅವನೇ ಒಪ್ಪಿಕೊಂಡ. ಇನ್ನೊಬ್ಬ ಒಕ್ಲಹೋಮದ ಒರ್ಲಾಂಡೊ ಬ್ರೌನ್ ಜೂನಿಯರ್. 2018ರ ಕಂಬೈನ್‌ನಲ್ಲಿ 40 ಗಜಕ್ಕೆ 5.85 ಸೆಕೆಂಡು, ಭಾರ ಎತ್ತಿದ್ದು 14 ಸಲ. ಎಲ್ಲರೂ ನಕ್ಕರು, 83ನೆಯ ಆಯ್ಕೆಗೆ ಜಾರಿದ. ಆದರೆ ಪಂದ್ಯದಲ್ಲಿ ಅವನ ಅಗಾಧ ಮೈಯನ್ನು, ಉದ್ದ ತೋಳನ್ನು ಸುತ್ತಿಕೊಂಡು ಹೋಗುವುದು ಎದುರಾಳಿಗಳಿಗೆ ಆಗುತ್ತಿರಲಿಲ್ಲ. ನಾಲ್ಕು ಸಲ ಪ್ರೊ ಬೌಲ್‌ಗೆ ಆಯ್ಕೆಯಾದ, ಕ್ಯಾನ್ಸಸ್ ಸಿಟಿ ಜೊತೆ ಸೂಪರ್ ಬೌಲ್ ಗೆದ್ದ.

ಡ್ರಾಫ್ಟ್‌ಗೆ ಹೊರಟ ಕಾಲೇಜು ಆಟಗಾರರಿಗೆಂದು ಅಲಬಾಮಾದ ಮೊಬೀಲ್‌ನಲ್ಲಿ ನಡೆಯುವ ಸೀನಿಯರ್ ಬೌಲ್ ವಾರ ಕಂಬೈನ್‌ಗಿಂತ ಮೇಲು. ಅಭ್ಯಾಸದಲ್ಲಿ ಒಬ್ಬ ಲೈನ್‌ಮನ್, ಒಬ್ಬ ರಶರ್, ಮುಖಾಮುಖಿ. ನೆರವಿಗೆ ಪಕ್ಕದವನಿಲ್ಲ, ಚೆಂಡು ಬೇಗ ಎಸೆದುಬಿಡುವ ಕ್ವಾರ್ಟರ್‌ಬ್ಯಾಕ್ ಇಲ್ಲ. ಆಟ ರಶರ್ ಕಡೆಗೇ ವಾಲಿರುತ್ತದೆ, ಹಾಗಾಗಿ ಒಂದೆರಡು ಸೋಲು ಎಣಿಸಬೇಡಿ. ಮಂಗಳವಾರ ಸೋತ ಅದೇ ಪಟ್ಟಿಗೆ ಗುರುವಾರವೂ ಸೋತನೋ ಎಂಬುದನ್ನು ನೋಡಿ.

ಕಾಲೇಜು ಆಟವೇ ಎಷ್ಟನ್ನು ಮುಚ್ಚಿಡುತ್ತದೆ ಅನ್ನುವುದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ಬಹುಪಾಲು ಕಾಲೇಜು ತಂಡಗಳು ಚೆಂಡನ್ನು ಕ್ಷಣಾರ್ಧದಲ್ಲಿ ಎಸೆದುಬಿಡುವ ಆಟ ಆಡುತ್ತವೆ. ಓಟವೋ ಎಸೆತವೋ ಎಂಬುದನ್ನು ಕ್ವಾರ್ಟರ್‌ಬ್ಯಾಕ್ ಕೊನೆಯ ಗಳಿಗೆಯಲ್ಲಿ ತೀರ್ಮಾನಿಸುತ್ತಾನೆ. ನಿಯಮವೂ ಅದಕ್ಕೆ ಅನುಕೂಲ: ಎಸೆಯುವ ಮುನ್ನ ಲೈನ್‌ಮನ್ ಕಾಲೇಜಿನಲ್ಲಿ ಮೂರು ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಹಾಗಾಗಿ ಒಂದೂ ಸ್ಯಾಕ್ (ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳುವುದು) ಬಿಟ್ಟುಕೊಡಲಿಲ್ಲ ಎಂಬ ಹೊಗಳಿಕೆ ಕೇಳಿದಾಗ, ಅವನು ನಿಜವಾಗಿ ಹಿಂದಕ್ಕೆ ಸರಿದು ಒಂಟಿಯಾಗಿ ಕಾದದ್ದು ಎಷ್ಟು ಸಲ ಅಂತ ಕೇಳಿ. ತಂಡ ಹಿಂದೆ ಬಿದ್ದಿದ್ದು, ಮೂರನೆಯ ಯತ್ನಕ್ಕೆ ಎಂಟೋ ಹತ್ತೋ ಗಜ ಬೇಕಿದ್ದು, ಎಸೆತವೇ ಎಂದು ಇಡೀ ಮೈದಾನಕ್ಕೆ ಗೊತ್ತಿರುವ ಪ್ಲೇಗಳನ್ನು ಹೆಕ್ಕಿ. ಇಬ್ಬರು ರಶರ್‌ಗಳು ಕತ್ತರಿಯಂತೆ ಜಾಗ ಬದಲಿಸಿ ಬರುವ ಸ್ಟಂಟ್‌ಗಳನ್ನೂ ಅಲ್ಲೇ ನೋಡಬಹುದು: ತನ್ನವನನ್ನು ಪಕ್ಕದವನಿಗೆ ಒಪ್ಪಿಸಿ ಬಂದವನನ್ನು ಎತ್ತಿಕೊಳ್ಳುವ ಕಣ್ಣು ಹುಡುಗನಿಗಿದೆಯೇ, ಇಲ್ಲ ಹೋದವನ ಬೆನ್ನು ಹತ್ತುತ್ತಾನೆಯೇ? ಸೆಂಟರ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಬಲ ಆಮೇಲೆ.

ಓಟದ ಪ್ಲೇಗಳನ್ನು ನಾನು ಬೇಗ ದಾಟುತ್ತೇನೆ. ಅಲ್ಲಿ ಒಂದೇ ಪ್ರಶ್ನೆ: ಪಕ್ಕದವನ ಜೊತೆ ಸೇರಿ ಒಬ್ಬನನ್ನು ತಳ್ಳಿ, ಅವನನ್ನು ಬಿಟ್ಟು ಎದುರಾಳಿ ಸಾಲಿನ ಹಿಂದಿರುವ ಲೈನ್‌ಬ್ಯಾಕರ್‌ನತ್ತ ಏರುವಾಗ, ಓಡುವ ಗುರಿಯನ್ನು ಮುಟ್ಟುತ್ತಾನೋ ಗಾಳಿಗೆ ಗುದ್ದುತ್ತಾನೋ?

ಮೈಯ ಬಾಳಿಕೆ ನಮ್ಮಂಥವರ ಕೈಗೆ ಸಿಗದ ವಿಷಯ, ವೈದ್ಯರ ವರದಿ ತಂಡಗಳಿಗೆ ಮಾತ್ರ. ವಿಸ್ಕಾನ್ಸಿನ್‌ನ ಜೋ ಥಾಮಸ್ 2007ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾಗಿ ಕ್ಲೀವ್‌ಲ್ಯಾಂಡ್‌ಗೆ ಬಿಡುವಿಲ್ಲದೆ ಸತತ 10,363 ಸ್ನ್ಯಾಪ್ (ಚೆಂಡು ಅಲುಗಿ ಶುರುವಾಗುವ ಒಂದೊಂದು ಪ್ಲೇ) ಆಡಿದ. ಅದನ್ನು ಯಾವ ವಿಡಿಯೊ ನೋಡಿ ಮುಂಚೆ ಹೇಳಲಾಗುತ್ತಿತ್ತು?

ಡ್ರಾಫ್ಟ್ ಮೂರು ದಿನ ನಡೆಯುತ್ತದೆ. ಗುರುವಾರ ರಾತ್ರಿಯ ಮೊದಲ ಸುತ್ತನ್ನು ಎಲ್ಲರೂ ನೋಡುತ್ತಾರೆ. ಕಲಿಯಬೇಕೆಂದರೆ ನಾಲ್ಕರಿಂದ ಏಳನೆಯ ಸುತ್ತಿನ ಶನಿವಾರ ಕೂರಿ. ಸಿನ್ಸಿನಾಟಿ ಕಾಲೇಜಿನ ಜೇಸನ್ ಕೆಲ್ಸಿ 2011ರಲ್ಲಿ 191ನೆಯವನಾಗಿ ಹೋದ, ಸೆಂಟರ್‌ಗೆ ತೀರಾ ಹಗುರ ಎಂಬ ಕಾರಣಕ್ಕೆ. ಫಿಲಡೆಲ್ಫಿಯಾ ಅವನ ತೂಕ ಮರೆತು ಓಟದ ಪ್ಲೇಗಳಲ್ಲಿ ಅವನನ್ನು ಸಾಲಿನಿಂದ ಹೊರಗೆಳೆದು ಓಡಿಸಿತು. ಅದೇ ತಂಡ 2018ರಲ್ಲಿ ಆಸ್ಟ್ರೇಲಿಯದ ಜೋರ್ಡನ್ ಮೈಲಾಟನನ್ನು 233ನೆಯವನಾಗಿ ತೆಗೆದುಕೊಂಡಿತು. ರಗ್ಬಿ ಆಟಗಾರ, ಆರಡಿ ಎಂಟಂಗುಲ, ಅಲ್ಲಿಯವರೆಗೆ ಒಂದೂ ಫುಟ್‌ಬಾಲ್ ಪಂದ್ಯ ಆಡಿದವನಲ್ಲ. ಅವನ ರಗ್ಬಿ ತುಣುಕುಗಳು ಇನ್ನೂ ಸಿಗುತ್ತವೆ. ಚೆಂಡು ಹಿಡಿದು ಎದುರಾಳಿಗಳನ್ನು ಚದುರಿಸುವುದನ್ನು ನೋಡಿ ಬೆರಗಾಗುವುದು ಸುಲಭ. ಅದನ್ನು ಒಮ್ಮೆ ನೋಡಿ ಮುಗಿಸಿ, ಎರಡನೆಯ ಸಲ ಅವನು ಎಡವಿದ, ತಿರುಗಿದ, ಸಾವರಿಸಿಕೊಂಡ ಕಡೆಗಳಲ್ಲಿ ವಿಡಿಯೊ ನಿಲ್ಲಿಸಿ ಪಾದಗಳನ್ನು ನೋಡಿ.