ಕುರುಹು ಕಂಡ ಹೊತ್ತು: ಒಡಿಸ್ಸಿ ಮತ್ತು ಷಾಹನಾಮೆಗಳಲ್ಲಿ ಕಪಟವೇಷ

ಮಹಾಕಾವ್ಯಗಳಲ್ಲಿ ಬರುವ ವೇಷಾಂತರವು ಕಥೆಯ ಕುತೂಹಲವನ್ನು ಬೆಳೆಸುವ ಉಪಾಯಮಾತ್ರವೆಂದು ಭಾವಿಸುವವರುಂಟು. ಹೋಮರನ ಒಡಿಸ್ಸಿಯನ್ನೂ ಕ್ರಿ.ಶ. 1010ರಲ್ಲಿ ಮುಗಿದ ಫಿರ್ದೌಸಿಯ ಷಾಹನಾಮೆಯನ್ನೂ ಜೊತೆಯಲ್ಲಿಟ್ಟು ಓದಿದವರಿಗೆ ಈ ಅಭಿಪ್ರಾಯ ನಿಲ್ಲದು. ಗ್ರೀಕರಲ್ಲಿ ಕಪಟವು ಬುದ್ಧಿಯ ವಿಲಾಸ, ಪಾರಸಿಕರಲ್ಲಿ ಅದು ವಿಧಿಯ ಆಟ ಎಂಬ ವಿಂಗಡಣೆಯೂ ನನಗೆ ಸಮ್ಮತವಲ್ಲ. ನಮ್ಮ ವಚನಗಳಲ್ಲಿ ಬರುವ ಕುರುಹು, ಅರಿವು ಎಂಬ ಮಾತುಗಳು ಇಲ್ಲಿ ಹೆಚ್ಚು ಉಪಕಾರಕ. (ಅವುಗಳ ಪಾರಮಾರ್ಥಿಕ ಅರ್ಥವನ್ನು ಈ ಕಾವ್ಯಗಳ ಮೇಲೆ ಹೇರುವುದು ನನ್ನ ಉದ್ದೇಶವಲ್ಲ.) ಎರಡು ಕಾವ್ಯಗಳಲ್ಲಿಯೂ ಕುರುಹು ಉಂಟು, ಅದರಿಂದ ಅರಿವು ಮೂಡುವ ಹೊತ್ತು ಬೇರೆ.

ಇಪ್ಪತ್ತನೆಯ ವರ್ಷದಲ್ಲಿ ಇಥಾಕಕ್ಕೆ ಮರಳಿದ ಒಡಿಸಿಯಸ್ಸನನ್ನು ಅಥೀನಾದೇವಿ ಮುದಿ ಭಿಕ್ಷುಕನನ್ನಾಗಿ ಮಾಡುತ್ತಾಳೆ. ಆದರೆ 16ನೆಯ ಸರ್ಗದಲ್ಲಿಯೇ ಅವನು ಮಗ ಟೆಲಿಮಾಕಸನಿಗೆ ತಾನಾರೆಂಬುದನ್ನು ಹೇಳಿಬಿಡುತ್ತಾನೆ. ಮುದಿನಾಯಿ ಆರ್ಗಸ್ ಒಡೆಯನನ್ನು ಗುರುತಿಸಿ ಪ್ರಾಣ ಬಿಡುತ್ತದೆ. ಕಾಲು ತೊಳೆಯುವ ದಾದಿಯ ಕೈಗೆ ತೊಡೆಯ ಹಳೆಯ ಗಾಯದ ಕಲೆ ಸಿಗುತ್ತದೆ. ಪೆನೆಲೊಪಿಯಂತೂ ಪತಿಯ ಕಪಟಕ್ಕೆ ತನ್ನದೇ ಒಂದು ಕಪಟವನ್ನು ಒಡ್ಡಿ, ಬೇರೂರಿದ ಆಲಿವ್ ಮರದಿಂದ ಕಡೆದ ಮಂಚವನ್ನು ಹೊರಗೆ ಹಾಕಿಸಲು ಹೇಳಿ ಅವನ ಬಾಯಿಂದಲೇ ಗುಟ್ಟನ್ನು ಹೊರಡಿಸುತ್ತಾಳೆ. ಶತ್ರುಗಳೆಲ್ಲ ಸತ್ತ ಮೇಲೂ ವೃದ್ಧ ತಂದೆಯೊಡನೆ ಆಡುವ ಸುಳ್ಳೊಂದು ನನಗೆ ಅನಗತ್ಯವಾಗಿ ತೋರುತ್ತದೆ.

ಷಾಹನಾಮೆಯಲ್ಲಿ ತಂದೆಯೇ ಮಗನಿಂದ ಹೆಸರನ್ನು ಮುಚ್ಚುತ್ತಾನೆ. ಅಲ್ಲಿಗೆ ಬರುವ ದಾರಿಯನ್ನು ಕವಿ ಸುಳ್ಳಿನ ಮೇಲೆ ಸುಳ್ಳಿಟ್ಟು ಕಟ್ಟಿದ್ದಾನೆ. ಗುರ್ದಾಫ್ರೀದಳು ಗಂಡಸಿನ ಕವಚ ತೊಟ್ಟು ಸೊಹ್ರಾಬನೊಡನೆ ಕಾದುತ್ತಾಳೆ. ಸಿಕ್ಕಿಬಿದ್ದಾಗ ಸವಿಮಾತಿನಿಂದ ಅವನನ್ನು ವಂಚಿಸಿ ಕೋಟೆ ಸೇರುತ್ತಾಳೆ. ತುರ್ಕರ ವೇಷದಲ್ಲಿ ರಾತ್ರಿ ಪಾಳೆಯಕ್ಕೆ ನುಸುಳಿದ ರುಸ್ತುಂ ಕೊಲ್ಲುವುದು, ಅವನನ್ನು ಮಗನಿಗೆ ತೋರಿಸಿಕೊಡಬೇಕಾಗಿದ್ದ ಜಿಂದರಜ್ಮನನ್ನೇ. ಸೆರೆಯಾಳು ಹಜೀರನು ರುಸ್ತುಮನ ಡೇರೆಯನ್ನು ಕಂಡೂ, ಅದು ಚೀನದಿಂದ ಬಂದ ಯಾವನೋ ವೀರನದು ಎನ್ನುತ್ತಾನೆ. ಈ ಸುಳ್ಳಿನಲ್ಲಿರುವುದು ಸ್ವಾಮಿನಿಷ್ಠೆ. ನೀನೇ ರುಸ್ತುಮನೇ ಎಂದು ಮಗ ನೇರವಾಗಿ ಕೇಳಿದಾಗ ತಂದೆ ಅಲ್ಲವೆನ್ನುತ್ತಾನೆ. ಮಲ್ಲಯುದ್ಧದಲ್ಲಿ ಕೆಳಗೆ ಬಿದ್ದಾಗಲಂತೂ, ಮೊದಲ ಸಲ ಕೆಡವಿದವನು ತಲೆ ಕಡಿಯುವುದು ನಮ್ಮ ಪದ್ಧತಿಯಲ್ಲ ಎಂದು ಹೇಳಿ ಜೀವ ಉಳಿಸಿಕೊಳ್ಳುತ್ತಾನೆ. ಮರಳಿ ಸೆಣಸಿದಾಗ ತಾನು ಮೊದಲ ಬಾರಿಗೆ ಮಗನನ್ನು ಕೆಡವಿದೊಡನೆ ಕಠಾರಿಯಿಂದ ಎದೆಯನ್ನು ಸೀಳುತ್ತಾನೆ. ಕಾವ್ಯದಲ್ಲಿ ಇದಕ್ಕಿಂತ ಕ್ರೂರವಾದ ವೇಷವಿಲ್ಲ. ಇಲ್ಲಿ ವಂಚನೆಯೇ ಧರ್ಮದ ವೇಷ ತೊಟ್ಟಿದೆ. ಆಖ್ಯಾನದ ಆರಂಭದಲ್ಲಿ ಕವಿ ಮೃತ್ಯುವಿನ ನ್ಯಾಯಾನ್ಯಾಯವನ್ನು ಕುರಿತು ಚಿಂತಿಸುವುದು ನಿಜ. ಆದರೆ ಮೇಲೆ ಹೇಳಿದ ಒಂದೊಂದು ಸುಳ್ಳನ್ನೂ ಆಡಿದ್ದು ಮನುಷ್ಯರ ನಾಲಗೆ, ವಿಧಿಯಲ್ಲ.

1853ರಲ್ಲಿ ಪ್ರಕಟವಾದ ಮ್ಯಾಥ್ಯೂ ಆರ್ನಾಲ್ಡನ ಇಂಗ್ಲಿಷ್ ಕವನದ ಮೂಲಕವೇ ಈ ಕಥೆಯನ್ನು ಬಲ್ಲವರು ಒಂದನ್ನು ಗಮನಿಸಬೇಕು. ಅಲ್ಲಿ ಮಲ್ಲಯುದ್ಧದ ವಂಚನೆಯೇ ಇಲ್ಲ. ಹೋರಾಟದ ಕಾವಿನಲ್ಲಿ ರುಸ್ತುಂ ತನ್ನ ಹೆಸರನ್ನೇ ಕೂಗುತ್ತಾನೆ. ಅದನ್ನು ಕೇಳಿ ಬೆರಗಾಗಿ ನಿಂತ ಸೊಹ್ರಾಬ್ ಈಟಿಗೆ ತುತ್ತಾಗುತ್ತಾನೆ. ಹೀಗೆ ಮಾಡಿದಾಗ ತಂದೆಯ ಮೇಲಿನ ದೋಷ ಹಗುರವಾಗಿ, ಸಾವು ಆಕಸ್ಮಿಕಕ್ಕೆ ಹತ್ತಿರವಾಗುತ್ತದೆ. ಫಿರ್ದೌಸಿ ಅಂತಹ ರಿಯಾಯಿತಿಯನ್ನು ತೋರುವುದಿಲ್ಲ. ಅವನಲ್ಲಿ, ತನ್ನ ಕೊಲೆಗಾರನನ್ನು ತಂದೆ ರುಸ್ತುಂ ಬಿಡಲಾರನೆಂದು ಸಾಯುವ ಮಗ ರುಸ್ತುಮನಿಗೇ ಎಚ್ಚರಿಕೆ ಕೊಡುತ್ತಾನೆ. ಆಮೇಲೆ ಕವಚವನ್ನು ಬಿಚ್ಚಿದಾಗ, ತಾನು ತಹಮೀನೆಗೆ ಕೊಟ್ಟಿದ್ದ ಮಣಿ ಮಗನ ತೋಳಿನಲ್ಲಿ ಕಾಣುತ್ತದೆ.