ಪ್ರಬಂಧಗಳ ಎಣಿಕೆಯಲ್ಲಿ ಶೂನ್ಯ ದೋಷ

ಛಾಯಾಚಿತ್ರ, ಧ್ವನಿಮುದ್ರಣ, ವಿಡಿಯೋ, ದತ್ತಾಂಶ ಮುಂತಾದ ಕಂಪ್ಯೂಟರ್ ಕಡತಗಳಿಗೆ ವಿವರ ಬರೆದು, ಹಕ್ಕುಗಳನ್ನು ನಮೂದಿಸಿ, ಬೇಕಾದಾಗ ಸಿಗುವಂತೆ ಕಾಪಾಡುವ ಕೆಲಸಕ್ಕೆ 'ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್' ಎಂದು ಹೆಸರು. ಈ ವಿಷಯದಲ್ಲಿ ಸಂಶೋಧನೆ ಎಷ್ಟು ಬೆಳೆದಿದೆ ಎಂದು ಅಳೆಯುವ ಲೇಖನಗಳು ಗ್ರಂಥಾಲಯ ವಿಜ್ಞಾನದ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಬಹುಪಾಲು ಲೇಖನಗಳ ವಿಧಾನ ಒಂದೇ. ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನಲ್ಲಿ ಪದಗುಚ್ಛವೊಂದನ್ನು ಹುಡುಕುವುದು, ಸಿಕ್ಕ ಪ್ರಬಂಧಗಳನ್ನು ವರ್ಷವಾರು ಎಣಿಸುವುದು, ಗ್ರಾಫ್ ಎಳೆಯುವುದು; ರೇಖೆ ಮೇಲೇರಿದ್ದರೆ ಕ್ಷೇತ್ರ ಪ್ರಗತಿಯಲ್ಲಿದೆ ಎನ್ನುವುದು. ವರ್ನಿಯರ್‌ನ ಶೂನ್ಯ ದೋಷ ನೋಡದೆ ಅಳತೆ ಬರೆದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕಕ್ಕೆ ನಾವು ಸಹಿ ಹಾಕುವುದಿಲ್ಲ. ಈ ಗ್ರಾಫ್‌ಗಳಿಗೆ ಮಾತ್ರ ಏಕೆ ವಿನಾಯಿತಿ?

ಡೆರೆಕ್ ಡಿ ಸೊಲ್ಲಾ ಪ್ರೈಸ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಸಿಂಗಪುರದ ರ‍್ಯಾಫಲ್ಸ್ ಕಾಲೇಜಿನಲ್ಲಿದ್ದಾಗ ರಾಯಲ್ ಸೊಸೈಟಿಯ ಹಳೆಯ ಸಂಪುಟಗಳನ್ನು ದಶಕವಾರು ಗೋಡೆಗೆ ಒರಗಿಸಿ ಜೋಡಿಸಿದಾಗ, ರಾಶಿಗಳ ಎತ್ತರ ಘಾತೀಯವಾಗಿ ಏರುವುದನ್ನು ಕಂಡರು. ಒಟ್ಟು ವಿಜ್ಞಾನವೇ 10-15 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದು 1963ರ ಪುಸ್ತಕದಲ್ಲಿ ವಾದಿಸಿದರು. 15 ವರ್ಷ ಎಂದೇ ಹಿಡಿದರೂ 30 ವರ್ಷಗಳಲ್ಲಿ ನಾಲ್ಕು ಪಟ್ಟು ಏರಿಕೆಗೆ ಯಾವ ವಿಷಯವೂ ವಿಶೇಷ ಶ್ರಮ ಪಡಬೇಕಿಲ್ಲ. ಆ ಹಿನ್ನೆಲೆಯಿಂದ ಭಾಗಿಸದ ಸಂಖ್ಯೆಗೆ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಹುಡುಕುವ ಪದದ್ದು. 2008ರಲ್ಲಿ ಬಿಟ್‌ಕಾಯಿನ್ ಪ್ರಬಂಧ ಹೊರಬಂದ ಮೇಲೆ 'ಡಿಜಿಟಲ್ ಅಸೆಟ್' ಎಂಬುದರ ಅರ್ಥವೇ ಕವಲೊಡೆಯಿತು. 2022ರ ನಮ್ಮ ಹಣಕಾಸು ಕಾಯಿದೆ ಶೇ. 30 ತೆರಿಗೆ ಹಾಕಿದ್ದು 'ವರ್ಚುವಲ್ ಡಿಜಿಟಲ್ ಅಸೆಟ್'ಗಳ ಮೇಲೆ. ಅದು ಛಾಯಾಚಿತ್ರಗಳ ಸಂಗ್ರಹದ ಮೇಲಲ್ಲ! ಕ್ರಿಪ್ಟೋ ಹೂಡಿಕೆಯ ಪ್ರಬಂಧಗಳೂ ಈಗ ಅದೇ ಬಲೆಗೆ ಬೀಳುತ್ತವೆ. ಅತ್ತ ನಿಜವಾದ ಮೀನು ತಪ್ಪಿಸಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ಆರಂಭಿಸಿದ ಇಪ್ರಿಂಟ್ಸ್ ಭಂಡಾರ ಇದೇ ಬಗೆಯ ಕೆಲಸ. ಆದರೆ ಅಂಥವುಗಳ ಕುರಿತ ಬರಹ 'ಡಿಜಿಟಲ್ ಲೈಬ್ರರಿ', 'ಇನ್‌ಸ್ಟಿಟ್ಯೂಷನಲ್ ರೆಪಾಸಿಟರಿ' ಎಂಬ ಹೆಸರುಗಳಲ್ಲಿ ಇರುತ್ತದೆ. ಸಿಕ್ಕ ಪಟ್ಟಿಯಿಂದ ಯಾದೃಚ್ಛಿಕವಾಗಿ 50 ಪ್ರಬಂಧ ಆರಿಸಿ, ಓದಿ, ಎಷ್ಟು ಸಂಬಂಧಪಟ್ಟವು ಎಂದು ನೋಡಲು ಒಂದು ವಾರ ಸಾಕು. ಆ ವಾರದ ಕೆಲಸವನ್ನೇ ಲೇಖಕರು ಬಿಡುತ್ತಾರೆ.

ಇಷ್ಟೆಲ್ಲ ತಿದ್ದಿದರೂ ಗ್ರಾಫ್ ಹೇಳುವುದು ಎಷ್ಟು ಬರೆದರು ಎಂಬುದನ್ನು. ಎಷ್ಟು ಉಳಿಯಿತು ಎಂಬುದನ್ನಲ್ಲ. ಉಳಿದದ್ದನ್ನೇ ಅಳೆದವರೂ ಇದ್ದಾರೆ. ಟಿಮ್ ವೈನ್ಸ್ ಮತ್ತು ಸಂಗಡಿಗರು 2 ರಿಂದ 22 ವರ್ಷ ಹಳೆಯ 516 ಪ್ರಬಂಧಗಳ ಮೂಲ ದತ್ತಾಂಶ ಕೇಳಿ ಲೇಖಕರಿಗೆ ಬರೆದರು. ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ದತ್ತಾಂಶ ಉಳಿದಿರುವ ಸಾಧ್ಯತೆಯ ಅನುಪಾತ ಶೇ. 17ರಷ್ಟು ಕುಸಿಯುತ್ತಿತ್ತು ಎಂದು 2014ರಲ್ಲಿ ಪ್ರಕಟಿಸಿದರು. ಮಾರ್ಟಿನ್ ಈವ್ ಅವರು ಸುಮಾರು 74 ಲಕ್ಷ ಪ್ರಕಟಣೆಗಳನ್ನು ಪರಿಶೀಲಿಸಿದ ವರದಿ 2024ರಲ್ಲಿ ಬಂತು. ಅವರು ನೋಡಿದ ಸಂರಕ್ಷಣಾ ಭಂಡಾರಗಳಲ್ಲಿ ಸುಮಾರು ಶೇ. 28ರಷ್ಟು ಪ್ರಕಟಣೆಗಳ ಸುಳಿವೇ ಸಿಗಲಿಲ್ಲ. ಕಡತಗಳನ್ನು ಕಾಪಾಡುವುದು ಹೇಗೆ ಎಂದು ಬೋಧಿಸುವ ಪ್ರಬಂಧಗಳಲ್ಲಿ ಎಷ್ಟು ಹೀಗೆ ಕಾಣೆಯಾಗಿವೆ? ಎಣಿಸುವವರಿಗೆ ಇದು ಒಳ್ಳೆಯ ಪ್ರಾಜೆಕ್ಟ್.