ಮದ್ದೂರು ವಡೆಯ ಹದ
ಮೈಸೂರಿನ ರೈಲು ಚನ್ನಪಟ್ಟಣ ದಾಟಿತೆಂದರೆ ಕಿವಿ ತಾನಾಗಿಯೇ ನಿಮಿರುತ್ತದೆ: ‘ವಡೇ, ವಡೇ, ಮದ್ದೂರ್ ವಡೇ!’

ಉದ್ದಿನ ವಡೆಯಂತೆ ಇದಕ್ಕೆ ನೆನೆಹಾಕಿ ರುಬ್ಬುವ ಗೋಜಿಲ್ಲ. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾಕ್ಕೆ ಕಾದ ಎಣ್ಣೆ ಹಾಕಿ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ಗಟ್ಟಿಯಾಗಿ ಕಲಸಿ, ಅಂಗೈಯಗಲ ತಟ್ಟಿ ಕರಿಯಬೇಕು. ಉರಿ ಜೋರಾಯಿತೋ, ಹೊರಗೆ ಕಪ್ಪು, ಒಳಗೆ ಹಸಿ. ಅಂಚು ಗರಿಗರಿ ಮುರಿಯಬೇಕು, ನಡುವೆ ಈರುಳ್ಳಿಯ ಸಿಹಿ ಸಿಗಬೇಕು. ಚಟ್ನಿ ಕೊಟ್ಟರೆ ಬೇಡವೆನ್ನುವುದಿಲ್ಲ, ಇಲ್ಲದಿದ್ದರೂ ನಡೆಯುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಕ್ರಿಕೆಟ್ ತಂಡ ಸೋತದ್ದಕ್ಕೆ ಮರುದಿನವೂ ರೈಲಿನಲ್ಲಿ ಕಿತ್ತಾಡುವ ಕೆಂಪು ಜೆರ್ಸಿಯ ಹುಡುಗರು ವಡೆ ಮಾರುವವನ ಬುಟ್ಟಿ ಕಂಡರೆ ಸುಮ್ಮನಾಗುತ್ತಾರೆ.

ಪ್ಲಾಟ್‌ಫಾರಂ ನಾಯಿ ಬಾಲ ಅಲ್ಲಾಡಿಸಿದರೂ ಇದನ್ನು ಮಾತ್ರ ಹಾಕಬೇಡಿ, ಈರುಳ್ಳಿ ಅದಕ್ಕೆ ವಿಷ. ಬುತ್ತಿಯಲ್ಲಿ ಬೇಯಿಸಿದ ಮೊಟ್ಟೆಯಿದ್ದರೆ ಕೊಡಿ.